ದನ, ಜೀಬ್ರಾ ಮತ್ತು ಒಂದು ಅರಮನೆ: ಸ್ಯಾನ್ ಸಿಮಿಯನ್ ಕಡಲ ತೀರ

ಕ್ಯಾಲಿಫೋರ್ನಿಯಾದ ಹೈವೇ 1ರಲ್ಲಿ ಬಿಗ್ ಸರ್ ದಾಟಿ ದಕ್ಷಿಣಕ್ಕೆ ಬಂದರೆ ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಹುಲ್ಲುಗಾವಲಿನ ಗುಡ್ಡಗಳು. ದನಗಳು ಮೇಯ್ತಾ ಇರ್ತವೆ. ಅದೃಷ್ಟ ಇದ್ರೆ ಅವುಗಳ ಪಕ್ಕದಲ್ಲೇ ಜೀಬ್ರಾಗಳೂ ಕಾಣಿಸ್ತವೆ! ಆದರೆ ಮೈಲುಗಟ್ಟಲೆ ಹೋದರೂ ಒಂದು ಅಪಾರ್ಟ್‌ಮೆಂಟ್ ಆಗಲಿ, ರೆಸಾರ್ಟ್ ಆಗಲಿ ಸಿಗೋದಿಲ್ಲ. ಇಷ್ಟು ಚೆಂದದ ಕಡಲ ತೀರ ಹೀಗೆ ಖಾಲಿ ಉಳಿದದ್ದು ಹೇಗೆ? ಸ್ಯಾನ್ ಸಿಮಿಯನ್ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ ಮನೆತನ: ಹರ್ಸ್ಟ್.

ಮೊದಲು ಇದು ಸಲಿನನ್ ಮತ್ತು ಚುಮಾಶ್ ಜನರ ನೆಲ. ಆಮೇಲೆ ಮೆಕ್ಸಿಕನ್ ಕಾಲದ ಜಾನುವಾರು ಮಾಲೀಕರದ್ದಾಯ್ತು. 1863-64ರ ಬರದಲ್ಲಿ ಈ ಭಾಗದ ದನಗಳು ಸಾಲು ಸಾಲಾಗಿ ಸತ್ತವು, ಮಾಲೀಕರು ಸೋತುಹೋದರು. ಬೆಳ್ಳಿ ಗಣಿಯಲ್ಲಿ ದುಡ್ಡು ಮಾಡಿದ್ದ ಜಾರ್ಜ್ ಹರ್ಸ್ಟ್ 1865ರಲ್ಲಿ ಇಲ್ಲಿ ಜಮೀನು ಕೊಳ್ಳೋಕೆ ಶುರು ಮಾಡಿದರು. 1878ರಲ್ಲಿ ಹಡಗುಕಟ್ಟೆ ಕಟ್ಟಿಸಿದರು. ಅಲ್ಲಿಂದ ಊರಿನ ವ್ಯವಹಾರವೂ ಅವರ ಕೈಗೆ ಬಂತು.

ಮಗ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಪತ್ರಿಕೆಗಳ ದೊರೆ. 1919ರಲ್ಲಿ ಜಮೀನು ಕೈಗೆ ಬಂದಿದ್ದೇ ತಡ, ವಾಸ್ತುಶಿಲ್ಪಿ ಜೂಲಿಯಾ ಮೋರ್ಗನ್ ಅವರನ್ನು ಕರೆಸಿ ಗುಡ್ಡದ ಮೇಲೆ 165 ಕೋಣೆಗಳ ಅರಮನೆಯ ಕೆಲಸ ಶುರು ಮಾಡಿಸಿದರು. 1947ರವರೆಗೂ ಕಟ್ಟಿದ್ದೇ ಕಟ್ಟಿದ್ದು. ಸಾಮಾನು ಹಡಗಿನಲ್ಲಿ ಬಂದು ಗುಡ್ಡ ಹತ್ತುತ್ತಿತ್ತು. ಜತೆಗೆ ಖಾಸಗಿ ಮೃಗಾಲಯ ಬೇರೆ. ಇವತ್ತು ಮೇಯುವ ಜೀಬ್ರಾಗಳು ಅಲ್ಲಿದ್ದವುಗಳ ಸಂತತಿ. ತಮಾಷೆ ಅಂದ್ರೆ, ಅಷ್ಟು ದೊಡ್ಡ ಅರಮನೆಯನ್ನೂ ಅವರು ಕರೀತಿದ್ದಿದ್ದು ‘ರಾಂಚ್’ ಅಂತಲೇ.

1957ರಲ್ಲಿ ಅರಮನೆ ರಾಜ್ಯ ಸರ್ಕಾರಕ್ಕೆ ಹೋಯಿತು, ಮರುವರ್ಷ ಪ್ರವಾಸಿಗರಿಗೆ ತೆರೆಯಿತು. ಸ್ವಲ್ಪ ದಕ್ಷಿಣಕ್ಕಿರುವ ಮೋಟೆಲ್‌ಗಳ ಸಾಲಿಗೆ ಇವತ್ತಿಗೂ ಗಿರಾಕಿ ತರೋದು ಅದೇ. ಸುತ್ತಲಿನ ಜಮೀನನ್ನು ಮಾತ್ರ ಮನೆತನ ಬಿಡಲಿಲ್ಲ.

ಅಲ್ಲೊಂದು ದೊಡ್ಡ ರೆಸಾರ್ಟ್, ಗಾಲ್ಫ್ ಮೈದಾನ ಮಾಡುವ ಯೋಜನೆಯೂ ಬಂತು. ಜನರ ವಿರೋಧ ಜೋರಾಯಿತು, 1998ರಲ್ಲಿ ಕರಾವಳಿ ಆಯೋಗ ಅದನ್ನು ತಿರಸ್ಕರಿಸಿತು. ಕೊನೆಗೆ 2005ರಲ್ಲಿ ಒಪ್ಪಂದವಾಯಿತು. ಸುಮಾರು 82,000 ಎಕರೆಯನ್ನು ತುಂಡು ಮಾಡಿ ಮಾರುವಂತಿಲ್ಲ. ದನ ಸಾಕಣೆ ಮುಂದುವರಿಸಬಹುದು, ಕಟ್ಟಡಗಳಿಗೆ ಕಟ್ಟುನಿಟ್ಟಾದ ಮಿತಿ. ಸುಮಾರು 13 ಮೈಲಿ ಕಡಲ ತೀರ ಸರ್ಕಾರಕ್ಕೆ. ಬದಲಿಗೆ ಹರ್ಸ್ಟ್ ಸಂಸ್ಥೆಗೆ ನಗದು, ತೆರಿಗೆ ರಿಯಾಯಿತಿ ಸೇರಿ 9.5 ಕೋಟಿ ಡಾಲರ್.

ಇದನ್ನು ಹೇಗೆ ನೋಡಬೇಕು? ಜಮೀನು ಹತ್ತಾರು ಜನರ ಕೈಯಲ್ಲಿದ್ದಿದ್ದರೆ ಯಾವತ್ತೋ ಸೈಟ್ ಆಗಿ ಹೋಗ್ತಿತ್ತು, ನಿಜ. ಆದರೆ ಒಂದೇ ಮನೆತನದ ಮರ್ಜಿಯ ಮೇಲೆ ಇಡೀ ತೀರ ನಿಂತಿತ್ತು ಅನ್ನೋದೂ ಅಷ್ಟೇ ನಿಜ. ಅವರ ಮನಸ್ಸು ರೆಸಾರ್ಟಿನ ಕಡೆ ತಿರುಗಿದಾಗ ತೀರ ಉಳಿದದ್ದು ಊರವರು ಬೇಡ ಅಂದಿದ್ದಕ್ಕೆ, ಕಾನೂನು ಇದ್ದಿದ್ದಕ್ಕೆ.

ನೀವು ಹೋದರೆ ಅರಮನೆಯ ಟಿಕೆಟ್ ಮೊದಲೇ ಬುಕ್ ಮಾಡಿ. ಉತ್ತರಕ್ಕೆ ಪಿಯೆದ್ರಾಸ್ ಬ್ಲಾಂಕಾಸ್ ಹತ್ತಿರ ಆನೆ ಸೀಲ್‌ಗಳು ಮರಳಿನ ಮೇಲೆ ರಾಶಿ ಬಿದ್ದಿರುತ್ತವೆ. ಅವನ್ನು ನೋಡೋಕೆ ಟಿಕೆಟ್ ಬೇಡ.