ನೆಲೆಯೂ ನೆಲವೂ

ಮನೆಯನ್ನು ಕೊಂಡವನು ಅದರಡಿಯ ನೆಲವನ್ನೂ ಕೊಂಡನೆಂಬುದು ಸಾಮಾನ್ಯರ ಭಾವನೆ. ಪರದೇಶದಲ್ಲಿ ಈ ಎರಡೂ ಬೇರ್ಪಡುವುದುಂಟು. ಥಾಯ್ಲೆಂಡ್ ದೇಶವು ಇದಕ್ಕೊಂದು ನಿದರ್ಶನ. ಅಲ್ಲಿ ವಿದೇಶೀಯನು ಕಟ್ಟಡಕ್ಕೆ ಒಡೆಯನಾಗಬಹುದು. ನೆಲಕ್ಕೆ ಸಾಮಾನ್ಯವಾಗಿ ಒಡೆಯನಾಗಲಾರನು. ನೋಂದಾಯಿತ ಬಹುಮಹಡಿ ವಸತಿಸಮುಚ್ಚಯಗಳಲ್ಲಿ ನೂರಕ್ಕೆ 49 ಪಾಲಿನವರೆಗೆ ವಿದೇಶೀಯರಿಗೆ ಸಲ್ಲುತ್ತದೆ. ಪ್ರತ್ಯೇಕ ಮನೆಯನ್ನು ಬಯಸುವವನು ನೆಲವನ್ನು ಗೇಣಿಗೆ ಹಿಡಿಯುವುದು ವಾಡಿಕೆ. ವಸತಿಗಾಗಿ ಕೊಡುವ ಗೇಣಿಯ ಪರಮಾವಧಿ 30 ವರ್ಷ. ಅನಂತರದ ನವೀಕರಣಕ್ಕೆ ಖಾತರಿಯಿಲ್ಲ. 50ರ ಪ್ರಾಯದಲ್ಲಿ ಮನೆ ಕಟ್ಟಿಸಿದವನಿಗೆ ಊರುಗೋಲು ಹಿಡಿದ 80ರಲ್ಲಿ ಅವಧಿ ತೀರುತ್ತದೆ! ಸ್ಥಳೀಯರೊಬ್ಬರ ಹೆಸರಿನ ಮರೆಯಲ್ಲಿ ನೆಲ ಕೊಳ್ಳುವವರೂ ಉಂಟು. ಅದು ಅಲ್ಲಿ ಅಪರಾಧ. ಬಯಲಾದರೆ ದಂಡದೊಡನೆ ನೆಲವೂ ಕೈಬಿಡುತ್ತದೆ.

ಇದನ್ನು ಕಠೋರವೆಂದು ಹಳಿಯುವ ಮುನ್ನ ಸ್ವದೇಶದ ಕಟ್ಟಳೆಯನ್ನೂ ಅರಿಯತಕ್ಕದ್ದು. ಅನ್ಯದೇಶದ ಪೌರತ್ವ ಪಡೆದು ಸಾಗರೋತ್ತರ ಭಾರತೀಯನೆಂಬ ಕಾರ್ಡನ್ನು ಹೊಂದಿದವನು ಭಾರತದಲ್ಲಿ ವಾಸದ ಮನೆಯನ್ನು ಕೊಳ್ಳಬಹುದು. ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಇಲ್ಲಿ ನೆಲೆಸಿದ ತಂದೆಯ ಹೊಲವು ಅವನಿಗೆ ಉತ್ತರಾಧಿಕಾರದಿಂದ ಬರಬಹುದು. ಪಕ್ಕದ ಹೊಲವನ್ನು ಹಣ ತೆತ್ತು ಪಡೆಯಲಾರನು. ನೆಲವನ್ನು ಕೇವಲ ಮಾರಾಟದ ಸರಕೆಂದು ಬಗೆಯದ ನಾಡುಗಳು ಅನೇಕ. ಆದುದರಿಂದ ಪರದೇಶದಲ್ಲಿ ಮನೆಯನ್ನು ಬಯಸುವವನು ಗೋಡೆಯ ಚೆಲುವನ್ನು ನೋಡುವುದಕ್ಕೆ ಮೊದಲು ನೆಲದ ಹಕ್ಕುಪತ್ರವನ್ನು ಓದುವುದೇ ಲೇಸು.