ಕಾರಿಲ್ಲದವರ ಕೈವಾರ ಯಾತ್ರೆ

ಶುಕ್ರವಾರಕ್ಕೊಂದು ಸರಕಾರಿ ರಜೆ ಬಂದು, ಶನಿವಾರ ಭಾನುವಾರಗಳು ಅದಕ್ಕೆ ಕೂಡಿಕೊಂಡವೆಂದರೆ, ಬೆಂಗಳೂರಿನ ಗೃಹಸ್ಥರ ಮನೆಗಳಲ್ಲಿ ಗುರುವಾರ ರಾತ್ರಿಯ ಊಟದ ಹೊತ್ತಿಗೆ ಒಂದೇ ಮಾತು: ಎಲ್ಲಿಗಾದರೂ ಹೋಗಿ ಬರಬಾರದೇ? ಅಷ್ಟು ಹೊತ್ತಿಗೆ ಹುಬ್ಬಳ್ಳಿ, ಶಿವಮೊಗ್ಗದ ರೈಲುಗಳಲ್ಲಿ ಆಸನಗಳು ಭರ್ತಿಯಾಗಿರುತ್ತವೆ. ದೂರದ ಖಾಸಗಿ ಬಸ್ಸುಗಳ ದರ ಕೇಳಿದರೆ ಉತ್ಸಾಹವೇ ಇಳಿದುಹೋಗುತ್ತದೆ. ಕಾರುಳ್ಳವರು ಬೆಳಗಿನ ಜಾವ ಹೊರಟು ಹೋಗುತ್ತಾರೆ. ಕಾರೂ ಇಲ್ಲದ, ಮುಂಗಡ ಟಿಕೆಟ್ಟೂ ಇಲ್ಲದ ನಮ್ಮಂಥವರ ಪಾಡೇನು?

ಆಸನ ಕಾಯ್ದಿರಿಸುವ ಅಗತ್ಯವೇ ಇಲ್ಲದಷ್ಟು ಹತ್ತಿರದ ಕ್ಷೇತ್ರವನ್ನು ಆರಿಸಿಕೊಳ್ಳುವುದೇ ಇದಕ್ಕೆ ಉಪಾಯವೆಂದು ನಾವು ಕಂಡುಕೊಂಡಿದ್ದೇವೆ. ಹಾಗೆ ಆರಿಸಿಕೊಂಡದ್ದು ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು. ಮೊದಲು ಕೋಲಾರ ಜಿಲ್ಲೆಯಲ್ಲಿದ್ದ ಈ ಸೀಮೆ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ.

ಈ ಯಾತ್ರೆಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಆರು ಜನ. ಬಂಧುಗಳು ಎಷ್ಟೋ ಬಾರಿ ಪ್ರೀತಿಯಿಂದ ತಮ್ಮ ಕಾರಿನಲ್ಲಿ ಕರೆದೊಯ್ಯಲು ಬಂದದ್ದುಂಟು. ಆದರೆ ಕಾರಿನಲ್ಲಿ ಕೂಡುವವರ ಲೆಕ್ಕ ಹಾಕುವಾಗ ಉಳಿದುಬಿಡುವವರು ಯಾವಾಗಲೂ ನಮ್ಮ ತಾಯಿಯವರೇ. "ನೀವು ಹೋಗಿ ಬನ್ನಿ, ಮನೆ ನಾನು ನೋಡಿಕೊಳ್ಳುತ್ತೇನೆ" ಎಂದು ಅವರೇ ಮೊದಲು ಹೇಳಿಬಿಡುತ್ತಿದ್ದರು. ಅದನ್ನು ನಾವು ನಂಬುತ್ತಲೂ ಇದ್ದೆವು. ಬಸ್ಸಿನಲ್ಲಿ ಈ ಲೆಕ್ಕವೇ ಹುಟ್ಟುವುದಿಲ್ಲ. ಈ ಬಾರಿ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಅವರ ಕೈಗೇ ಕೊಟ್ಟೆವು.

ಸಾಲು ರಜೆಯ ದಿನ ಮೆಜೆಸ್ಟಿಕ್ಕಿನ ಜನಸಂದಣಿಯಲ್ಲಿ ವೃದ್ಧರನ್ನು ಕರೆದುಕೊಂಡು ನಿಲ್ಲುವುದು ಕಷ್ಟ. 2023ರಲ್ಲಿ ಮೆಟ್ರೋ ನೇರಳೆ ಮಾರ್ಗ ಕೃಷ್ಣರಾಜಪುರದ ಮೂಲಕ ವೈಟ್‌ಫೀಲ್ಡ್‌ವರೆಗೆ ಪೂರ್ಣವಾದ ಮೇಲೆ ಈ ಕಷ್ಟ ತಪ್ಪಿದೆ. ಕೃಷ್ಣರಾಜಪುರದಲ್ಲಿ ಇಳಿದು ಹೊಸಕೋಟೆಯ ಕಡೆಗೆ ಹೋಗುವ ಚಿಂತಾಮಣಿ ಬಸ್ಸನ್ನು ಹಿಡಿಯಬಹುದು. ಈ ಮಾರ್ಗದಲ್ಲಿ ಖಾಸಗಿ ಬಸ್ಸುಗಳೂ ಓಡುತ್ತವೆ. ಸರಕಾರಿ ಬಸ್ಸೇ ಬರಲೆಂದು ತುಸು ಕಾದರೆ ಮಹಿಳೆಯರಿಗೆ ಲಾಭ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆಯಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಕೈಚೀಲದಲ್ಲಿರಲಿ. ಹೀಗೆ ಉಳಿದ ಹಣವನ್ನು ಮುಂದೆ ಆಟೋದವರಿಗೆ ಕೊಡಬೇಕಾಗುತ್ತದೆನ್ನಿ!

ಕೈವಾರದಲ್ಲೇ ತಂಗಬೇಕೆನ್ನುವವರು ಮಠಕ್ಕೆ ಮೊದಲೇ ದೂರವಾಣಿ ಮಾಡಿ ವಿಚಾರಿಸುವುದು ಒಳ್ಳೆಯದು. ಗಡಿಬಿಡಿಯಲ್ಲಿ ಹೊರಟ ನಾವು ಚಿಂತಾಮಣಿಯ ವಸತಿಗೃಹವೊಂದರಲ್ಲಿ ಎರಡು ಕೋಣೆ ಹಿಡಿದೆವು. ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡೂ ಇರುವ ಊರು ಅದು; ಗಂಟುಮೂಟೆ ಅಲ್ಲಿಟ್ಟು ಬರಿಗೈಯಲ್ಲಿ ಓಡಾಡಬಹುದು. ದಿನಕ್ಕೊಂದು ಊರಿನಲ್ಲಿ ತಂಗುವ ಆಸೆ ಕಾರಿಲ್ಲದವರಿಗೆ ಹೊಂದುವುದಿಲ್ಲ. ಇನ್ನೊಂದು ಮಾತು: ಯಾವ ಊರಿನಲ್ಲಿ ಇಳಿದರೂ ಮೊದಲು ಕೇಳಬೇಕಾದದ್ದು ಹಿಂದಿರುಗುವ ಕೊನೆಯ ಬಸ್ಸಿನ ವೇಳೆ, ದರ್ಶನದ ವೇಳೆ ಆಮೇಲೆ.

ಕೈವಾರವೆಂದರೆ ಮೊದಲು ನೆನಪಾಗುವವರು ತಾತಯ್ಯನವರು, ಅಂದರೆ ಯೋಗಿ ನಾರೇಯಣರು. 1726ರಲ್ಲಿ ಜನಿಸಿ 1836ರಲ್ಲಿ ಸಜೀವ ಸಮಾಧಿ ಹೊಂದಿದರೆಂದು ಪರಂಪರೆ ಹೇಳುತ್ತದೆ. ಅವರು ಬಳೆ ಮಾರುವ ಕಾಯಕದವರು. ಗುರುಗಳು ಕೊಟ್ಟ ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು, ಅದು ಕಲ್ಲುಸಕ್ಕರೆಯಾಗುವ ತನಕ ಬೆಟ್ಟದ ಗವಿಯಲ್ಲಿ ಜಪಿಸಿದರೆಂಬ ಕಥೆಯನ್ನು ಇಲ್ಲಿ ಮಕ್ಕಳೂ ಹೇಳಬಲ್ಲರು. ತೆಲುಗು ಕನ್ನಡಗಳೆರಡೂ ಮನೆಮಾತಾಗಿರುವ ಈ ಸೀಮೆಗೆ ತಕ್ಕಂತೆ ಅವರು ಎರಡೂ ಭಾಷೆಗಳಲ್ಲಿ ತತ್ತ್ವಪದಗಳನ್ನು ರಚಿಸಿದ್ದಾರೆ. ಊರ ದೈವವಾದ ಅಮರನಾರೇಯಣನನ್ನೂ ತಾತಯ್ಯನವರ ಮಠವನ್ನೂ ದರ್ಶಿಸಿ, ಅಲ್ಲಿನ ದಾಸೋಹದ ಪಂಕ್ತಿಯಲ್ಲಿ ಕುಳಿತೆವು. ಪಕ್ಕದಲ್ಲಿ ಕುಳಿತವರು ಯಾರೆಂದು ನಾವು ಕೇಳಲಿಲ್ಲ. ನಮ್ಮನ್ನೂ ಯಾರೂ ಕೇಳಲಿಲ್ಲ. ಬಿಸಿಯಾದ ಅನ್ನ, ಸಾರು. ತಾಯಿಯವರು ಎರಡನೆಯ ಸಲ ಬಡಿಸಿಕೊಂಡದ್ದನ್ನು ಬಹಳ ದಿನಗಳ ಮೇಲೆ ನೋಡಿದೆವು.

ಭೀಮಲಿಂಗೇಶ್ವರನ ಗುಡಿಯ ಮುಂದೆ ಸ್ವಲ್ಪ ಇಕ್ಕಟ್ಟಿನ ಪ್ರಸಂಗವೊದಗಿತು. ಹಿರಿಯ ಮಗನಿಗೆ ಬೆಟ್ಟ ಹತ್ತುವ ಆಸೆ. ತಾಯಿಯವರ ಮಂಡಿಗೆ ಅದು ಆಗದ ಮಾತು. ಅಲ್ಲಿಯೂ ಅವರು "ನೀವೆಲ್ಲ ಹೋಗಿ ಬನ್ನಿ, ಚೀಲ ಚಪ್ಪಲಿ ನಾನು ಕಾಯುತ್ತೇನೆ" ಎಂದರು. ಮನೆಯಲ್ಲಿ ಬಿಟ್ಟು ಬರಬಾರದೆಂದು ಕರೆತಂದವರನ್ನು ಜಗಲಿಯ ಮೇಲೆ ಬಿಟ್ಟು ಹೋಗುವುದೇ? ಬೆಟ್ಟವನ್ನೇ ಕೈಬಿಟ್ಟೆವು. ಹುಡುಗ ಮುಖ ಗಂಟು ಹಾಕಿಕೊಂಡು ಕುಳಿತ.

ಆಗ ತಾಯಿಯವರೇ ಮಾತು ತೆಗೆದರು. ಕೈವಾರವೇ ಮಹಾಭಾರತದ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಇಲ್ಲೇ ಎಂದೂ, ಈ ಲಿಂಗವನ್ನು ಪ್ರತಿಷ್ಠಾಪಿಸಿದವನು ಅವನೇ ಎಂದೂ ಸ್ಥಳೀಯರ ನಂಬಿಕೆ. ಮಿಕ್ಕ ಪಾಂಡವರ ಹೆಸರಿನ ಲಿಂಗಗಳೂ ಆವರಣದಲ್ಲಿವೆ. (ಬಂಗಾಳದ ಬೀರಭೂಮ್ ಜಿಲ್ಲೆಯಲ್ಲೂ ಏಕಚಕ್ರವೆಂಬ ಊರುಂಟು, ಆ ವಾದಕ್ಕೆ ನಾವು ಇಳಿಯುವುದಿಲ್ಲ.) ಬಕನ ಬಂಡಿಗೆ ಅನ್ನದೊಡನೆ ಮನುಷ್ಯನನ್ನೂ ಕಳುಹಿಸುವ ಸರದಿ ಒಂದು ಬಡ ಮನೆಗೆ ಬಂದಾಗ, ತಂದೆ ತಾನು ಹೋಗುತ್ತೇನೆಂದ, ತಾಯಿ ತಾನೆಂದಳು, ಮಗಳು ತಾನೆಂದಳು. ಆಗ ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿಯನ್ನು ಹಿಡಿದು, ಇದರಿಂದಲೇ ರಾಕ್ಷಸನನ್ನು ಹೊಡೆಯುತ್ತೇನೆಂದನಂತೆ, ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರಂತೆ. ಭೀಮನ ಗದೆಯ ಕಥೆ ಮಕ್ಕಳಿಗೆ ಗೊತ್ತಿತ್ತು, ಹುಲ್ಲುಕಡ್ಡಿಯದು ಗೊತ್ತಿರಲಿಲ್ಲ. ಮುಂದಿನ ಎರಡು ದಿನ ನಮ್ಮ ಕಿರಿಯ ಮಗಳು ಕೈಯಲ್ಲೊಂದು ಕಡ್ಡಿ ಹಿಡಿದೇ ತಿರುಗಿದಳು, ಅಣ್ಣನನ್ನು ಅದರಿಂದ ಹೊಡೆಯುತ್ತ.

ಎರಡನೆಯ ದಿನ ಆಟೋ ಗೊತ್ತುಮಾಡಿಕೊಂಡೆವು. ಏರುವ ಮೊದಲೇ ದರ ಮಾತಾಡಿ, ಕಾಯುವ ಹೊತ್ತಿನ ಹಣವೂ ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಬೇಕು. ಆರು ಜನರಿಗೆ ಒಂದು ಆಟೋ ಸಾಲದು, ಎರಡು ಬೇಕು. ಆಲಂಬಗಿರಿಯ ಕಲ್ಕಿ ವೆಂಕಟರಮಣನನ್ನು ಕಂಡು ಕೈಲಾಸಗಿರಿಗೆ ಹೋದೆವು. ಅಂಬಾಜಿದುರ್ಗದ ಮಗ್ಗುಲಿನ ಈ ಗುಹಾಲಯ ಪುರಾತನವಾದುದಲ್ಲ, ಇತ್ತೀಚಿನ ದಶಕಗಳಲ್ಲಿ ಬಂಡೆಯನ್ನು ಕೊರೆದು ಮಾಡಿದ್ದು. ಹೊಸತೆಂದು ಮೂಗು ಮುರಿಯುವವರಿದ್ದಾರೆ. ಹೊರಗಿನ ಬಿಸಿಲಿನಿಂದ ಒಳಗಿನ ತಂಪಿಗೆ ಕಾಲಿಟ್ಟು ಚತುರ್ಮುಖ ಶಿವನ ಮುಂದೆ ನಿಂತ ಮೇಲೆ ನಮಗಂತೂ ಆ ವಿಚಾರ ನೆನಪಾಗಲಿಲ್ಲ. ತಾಯಿಯವರು ಮೊಮ್ಮಗನ ತೋಳು ಹಿಡಿದು ನಿಧಾನವಾಗಿ ಬಂದರು. ಹಿಂದಿನ ದಿನದ ಸಿಟ್ಟು ಅವನಿಗೆ ಅಷ್ಟು ಹೊತ್ತಿಗೆ ಮರೆತಿತ್ತು.

ಮರಳುವಾಗ ರೈಲನ್ನು ಹಿಡಿದೆವು. ಹಿಂದೆ ಪುಟ್ಟ ರೈಲು ಓಡುತ್ತಿದ್ದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಹಳಿ 2013ರಲ್ಲಿ ಬ್ರಾಡ್‌ಗೇಜ್ ಆಯಿತು. ರೈಲುಗಳು ಕಡಿಮೆ, ವೇಳೆಯನ್ನು ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಬೇಕು. ಕಿಟಕಿಯ ಹೊರಗೆ ಹಿಪ್ಪುನೇರಳೆಯ ತೋಟಗಳು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದಲ್ಲೇ ದೊಡ್ಡವುಗಳಲ್ಲೊಂದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿನ ಕೆರೆಗಳಿಗೆ ಈಗ ಹೆಬ್ಬಾಳ, ನಾಗವಾರ ಕಣಿವೆಗಳ ನೀರನ್ನು ಸಂಸ್ಕರಿಸಿ ಹರಿಸುತ್ತಿದ್ದಾರೆ. ನಾವು ಬೆಂಗಳೂರಿನಲ್ಲಿ ಚೆಲ್ಲಿದ ನೀರೇ ನಮಗಿಂತ ಮೊದಲು ಇಲ್ಲಿಗೆ ಬಂದು ತಲುಪಿದೆ.

ಚಿಕ್ಕಬಳ್ಳಾಪುರ ದಾಟಿದ ಮೇಲೆ ನಂದಿ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಭೋಗನಂದೀಶ್ವರನ ದೇವಾಲಯ ಇಲ್ಲಿಂದ ಎಷ್ಟು ದೂರವೆಂದು ತಾಯಿಯವರು ಎದುರಿನ ಆಸನದಲ್ಲಿದ್ದ ಹೆಣ್ಣುಮಗಳನ್ನು ಕೇಳಿದರು. ನಡೆದೇ ಹೋಗಬಹುದು ಅಜ್ಜಿ, ಎಂದಳು ಆಕೆ. ಬೆಂಗಳೂರಿನಿಂದ ಬೆಳಗಿನ ರೈಲು ಎಷ್ಟು ಗಂಟೆಗೆ ಹೊರಡುತ್ತದೆಂಬುದನ್ನೂ ಅವರೇ ಕೇಳಿ ತಿಳಿದುಕೊಂಡರು.