ಐವತ್ತು ಕಿಲೋಮೀಟರಿಗೆ ಮೂರು ದಿನ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಸುಮಾರು ಐವತ್ತು ಕಿಲೋಮೀಟರು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಕಂಡಕ್ಟರು ‘ಕೋಟೆ, ಕೋಟೆ’ ಎಂದು ಕೂಗಿರುತ್ತಾನೆ. ಕಳೆದ ಮೇ ತಿಂಗಳಲ್ಲಿ ಆ ದೂರಕ್ಕೆ ನಮಗೆ ಮೂರು ದಿನ ಹಿಡಿಯಿತು. ಕಾರು ಕೆಡಲಿಲ್ಲ, ದಾರಿ ತಪ್ಪಲಿಲ್ಲ. ಅವ್ವ ಹಾಗೆ ಬೇಕೆಂದಳು, ಅಷ್ಟೆ.

ಅವ್ವನ ತವರು ಕೋಟೆ ತಾಲ್ಲೂಕಿನ ಕಿತ್ತೂರಿನ ಮಗ್ಗುಲಿನ ಒಂದು ಸಣ್ಣ ಹಳ್ಳಿ. ಮೂವತ್ತು ಮನೆ, ಒಂದು ಬಾವಿ, ಒಂದು ಮಾರಿಗುಡಿ. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಕಟ್ಟಿ ಮುಗಿಸಿದಾಗ ಹಿನ್ನೀರು ಅದನ್ನೂ, ಅದರ ಅಕ್ಕಪಕ್ಕದ ಊರುಗಳನ್ನೂ ನುಂಗಿತು. ನಾನು ಹುಟ್ಟಿದ್ದು ಆ ಹಳ್ಳಿಯಲ್ಲೇ, 1971ರಲ್ಲಿ. ಯಾವುದೋ ಅರ್ಜಿಯ ‘ಹುಟ್ಟಿದ ಸ್ಥಳ’ದ ಖಾನೆಯಲ್ಲಿ ಆ ಹೆಸರು ಬರೆದಿದ್ದಾಗ ಕೌಂಟರಿನಲ್ಲಿದ್ದವರು ಕನ್ನಡಕ ಏರಿಸಿ ‘ಇದು ಎಲ್ಲಿ ಬರುತ್ತೆ ಸ್ವಾಮಿ?’ ಎಂದು ಕೇಳಿದ್ದರು. ನೀರಿನ ಕೆಳಗೆ ಬರುತ್ತೆ ಎನ್ನಲು ಧೈರ್ಯ ಸಾಲದೆ ‘ಕೋಟೆ ಹತ್ತಿರ’ ಎಂದಿದ್ದೆ.

ಅವ್ವ ಅಂದಿನಿಂದ ಆ ಕಡೆ ತಲೆ ಹಾಕಿರಲಿಲ್ಲ. ಕೋಟೆಯಲ್ಲಿ ಮದುವೆಯಿದ್ದರೆ ಮದುವೆ ಮುಗಿಸಿ, ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸು. ಈ ಸಲ ಹಿನ್ನೀರು ಚೆನ್ನಾಗಿ ಇಳಿದಿದೆಯಂತೆ, ನೋಡಿಕೊಂಡು ಬರೋಣವೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಹೋಗವ. ಆದ್ರೆ ನೆಟ್ಟಗೆ ಬ್ಯಾಡ ಕಣ್ಲಾ. ಎಡತೊರೆ, ಹುಣಸೂರು, ಎಲ್ಲಾ ಸುತ್ಕೊಂಡು ಹೋಗವ’ ಎಂದಳು. ಎಪ್ಪತ್ತೈದು ದಾಟಿದವಳಿಗೆ ಹರಕೆಗಳೇನೋ ಇರಬೇಕು ಎಂದುಕೊಂಡೆ.

ಕಾರಿನ ಹಿಂದಿನ ಸೀಟಿನಲ್ಲಿ ಇನ್ನೊಂದು ಸಮಸ್ಯೆ ಕುಳಿತಿತ್ತು. ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದ ನನ್ನ ಮಗಳು ಫಲಿತಾಂಶದ ಮರುದಿನ ‘ಅಪ್ಪಾ, ನಾನು ಮಹಾರಾಣಿ ಕಾಲೇಜಿಗೆ ಬಿ.ಎ.ಗೆ ಸೇರ್ತೀನಿ, ಇತಿಹಾಸ ಓದ್ತೀನಿ’ ಎಂದಿದ್ದಳು. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ; ತಂದೆಯರಾದವರಿಗೆ ಅವು ಗೊತ್ತಿರುತ್ತವೆ. ಎರಡು ವಾರದಿಂದ ನಮ್ಮಿಬ್ಬರ ನಡುವೆ ‘ಉಪ್ಪಿನಕಾಯಿ ಕೊಡು’ ಬಿಟ್ಟರೆ ಬೇರೆ ಸಂಭಾಷಣೆ ಇರಲಿಲ್ಲ. ‘ಒಂದೇ ಕಾರಲ್ಲಿ ಕೂತ್ಕೊಂಡು ಹೋಗಿ, ಮಾತಾಡದೆ ಎಲ್ಲಿಗೆ ಹೋಗ್ತೀರಿ’ ಎಂದು ಹೆಂಡತಿ ಮೂವರನ್ನೂ ಸಾಗಹಾಕಿದಳು.

ಮೊದಲ ದಿನ ಕೃಷ್ಣರಾಜನಗರ. ಅವ್ವನ ಬಾಯಲ್ಲಿ ಅದು ಇನ್ನೂ ಎಡತೊರೆಯೇ. ಕಾವೇರಿ ಇಲ್ಲಿ ಬಾಗಿ ತಿರುಗುತ್ತದೆ, ಹೆಸರು ಬಂದದ್ದೂ ಅದರಿಂದಲೇ ಎನ್ನುತ್ತಾರೆ. ದಂಡೆಯಲ್ಲಿ ಅರ್ಕೇಶ್ವರನ ಗುಡಿ. ಹಳೆಯ ಊರಿಗೆ ನದಿಯ ಪ್ರವಾಹದ ಕಾಟ ತಾಳಲಾರದೆ 1920ರ ದಶಕದಲ್ಲಿ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅಗಲವಾದ ನೇರ ಬೀದಿಗಳನ್ನು ನೋಡಿದರೆ ಯಾರೋ ಸ್ಕೇಲು ಹಿಡಿದು ಗೆರೆ ಎಳೆದದ್ದು ಗೊತ್ತಾಗುತ್ತದೆ. ಇದನ್ನೆಲ್ಲ ಮಗಳು ಅಜ್ಜಿಗೆ (ನನಗಲ್ಲ) ವಿವರಿಸುತ್ತಿದ್ದಳು. ಅವ್ವ ಕೇಳಿಸಿಕೊಂಡು, ‘ಊರು ಮುಳುಗೋ ಹಂಗಿದ್ರೆ ಎತ್ತಿ ಮ್ಯಾಲಕ್ಕೆ ಮಡಗಬೋದು ಅಂತಾಯ್ತು’ ಎಂದಳು. ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅಲ್ಲಿಂದ ಚುಂಚನಕಟ್ಟೆ. ಮೇ ತಿಂಗಳಿನಲ್ಲಿ ಜಲಪಾತ ನೋಡಲು ಹೋಗುವವರಿಗೆ ಏನು ಸಿಗಬೇಕೋ ಅದು ನಮಗೆ ಸಿಕ್ಕಿತು: ಕರಿಯ ಬಂಡೆಗಳು, ನಡುವೆ ಜಡೆಯಂಥ ಎರಡು ನೀರಿನ ಎಳೆ. ಚುಂಚ, ಚುಂಚಿ ಎಂಬ ಕಾಡಿನ ದಂಪತಿ ಇಲ್ಲಿ ರಾಮನಿಗೆ ಆತಿಥ್ಯ ಕೊಟ್ಟರೆಂಬುದು ಸ್ಥಳದ ಕಥೆ. ಕೋದಂಡರಾಮನ ಗುಡಿಯಲ್ಲಿ ಸೀತೆ ನಿಂತಿರುವುದು ರಾಮನ ಬಲಕ್ಕೆ. ಜಲಪಾತದ ಭೋರ್ಗರೆತ ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ ಎಂಬುದು ಇಲ್ಲಿಯ ಇನ್ನೊಂದು ವಿಶೇಷ. ಆ ದಿನ ಹೊರಗೂ ಕೇಳಿಸಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ದನಗಳ ಜಾತ್ರೆಗೆ ತನ್ನ ಅಪ್ಪ ಕೋಟೆಯಿಂದ ಎತ್ತು ಹೊಡೆದುಕೊಂಡು ನಡೆದೇ ಬರುತ್ತಿದ್ದನೆಂದು ಅವ್ವ ಹೇಳಿದಳು. ಹೋಗಲು ಎರಡು ದಿನ, ಬರಲು ಎರಡು ದಿನ. ನಮ್ಮ ಮೂರು ದಿನದ ಪ್ರಯಾಣಕ್ಕೆ ಮನೆತನದ ಪರಂಪರೆ ಇದೆ ಎಂದಾಯಿತು.

ರಾತ್ರಿ ಹುಣಸೂರಿನಲ್ಲಿ ತಂಗಿದೆವು. ಲಕ್ಷ್ಮಣತೀರ್ಥದ ದಂಡೆಯ ಈ ಊರನ್ನು ನಾವು ಮಡಿಕೇರಿಗೆ ಹೋಗುವಾಗ ಟೀ ಕುಡಿಯಲು ನಿಲ್ಲಿಸುವ ಜಾಗವೆಂದಷ್ಟೇ ತಿಳಿದಿರುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಅಮೃತಮಹಲ್ ದನಗಳ ಮುಖ್ಯ ಠಾಣೆ; ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಚರ್ಮ ಹದ ಮಾಡುವ ಕಾರ್ಖಾನೆಯೂ ಇಲ್ಲಿತ್ತು. ಈ ತಾಲ್ಲೂಕಿನ ಕಲ್ಲಹಳ್ಳಿ ದೇವರಾಜ ಅರಸರ ಊರು. 1915ರಲ್ಲಿ ಹುಟ್ಟಿದ ಅರಸರು ಮುಖ್ಯಮಂತ್ರಿಯಾಗಿದ್ದಾಗಲೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾಯಿತು.

ಮಗಳಿಗೆ ಬೇಕಾಗಿದ್ದ ಕಲ್ಲಹಳ್ಳಿ ಬೇರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೂರನೆಯ ಮಂಗರಸನೆಂಬ ಜೈನಕವಿ ಇದ್ದ. ಚಂಗಾಳ್ವರ ಕೈಕೆಳಗಿನ ಪಾಳೆಯಗಾರ. ಕಾವ್ಯಗಳ ಜೊತೆಗೆ ‘ಸೂಪಶಾಸ್ತ್ರ’ ಎಂಬ ಅಡುಗೆಯ ಪುಸ್ತಕವನ್ನೂ ಬರೆದ, ಅದನ್ನೂ ಪದ್ಯದಲ್ಲಿ. ಬದನೆಕಾಯಿ, ಹಲಸು, ಬಾಳೆ, ಕಳಲೆ ಎಲ್ಲದಕ್ಕೂ ಅದರಲ್ಲಿ ಪಾಕವಿದೆ. ‘ರಾಜ ಆದೋನು ಬದ್ನೆಕಾಯಿ ಪಲ್ಯದ ಮೇಲೆ ಪದ್ಯ ಬರೀತಿದ್ನಾ?’ ಎಂದು ಅವ್ವ ಗಲ್ಲಕ್ಕೆ ಕೈಯಿಟ್ಟಳು. ಮರುದಿನ ದಾರಿಯಲ್ಲಿ ಹಲಸಿನ ಹಣ್ಣು ಕೊಂಡು, ಬಿಡಿಸಿ, ಒಂದು ತೊಳೆ ನನಗೆ ಕೊಡುತ್ತ, ‘ತಿನ್ನು, ಮಂಗರಸಂದು’ ಎಂದಳು. ಮಗಳು ನಕ್ಕಳು. ನಾನೂ ನಕ್ಕೆ. ಎರಡು ವಾರದಲ್ಲಿ ಅದು ಮೊದಲ ಸಲ.

ಪಿರಿಯಾಪಟ್ಟಣದ ದಾರಿಯುದ್ದಕ್ಕೂ ಹೊಗೆಸೊಪ್ಪು. ಹೊಲದಲ್ಲಿ ಸಸಿ ನಾಟಿಯ ಗಡಿಬಿಡಿ. ಹೊಲದಂಚಿಗೆ ಎತ್ತರದ ಬ್ಯಾರನ್ ಮನೆಗಳು ಮಳೆಗಾಲಕ್ಕೆ ಕಾಯುತ್ತ ನಿಂತಿದ್ದವು. ಎಲೆ ಬೇಯಿಸಲು ಎಷ್ಟು ಸೌದೆ ಸುಡುತ್ತಾರೋ ಎಂದು ನಾನು ಗೊಣಗಿದೆ. ‘ಅದನ್ನ ಬುಟ್ರೆ ಮಕ್ಕಳ ಫೀಜು ಯಾರು ಕಟ್ಟಾರು’ ಎಂದಳು ಅವ್ವ. ಎರಡೂ ನಿಜವೇ ಆದ್ದರಿಂದ ಮಾತು ಅಲ್ಲಿಗೆ ನಿಂತಿತು. ಬಲಗಡೆ ದೂರದಲ್ಲಿ ಬೆಟ್ಟದಪುರದ ಬೆಟ್ಟ ಕಂಡಿತು. ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನ. ಮೆಟ್ಟಿಲು ಮೂರು ಸಾವಿರಕ್ಕೂ ಹೆಚ್ಚೆಂದು ಕೇಳಿದ್ದೆವಾದ್ದರಿಂದ ಕಾರಿನಿಂದಲೇ ಕೈ ಮುಗಿದೆವು.

ಪಿರಿಯಾಪಟ್ಟಣಕ್ಕೆ ಹಿಂದೆ ಸಿಂಗಪಟ್ಟಣವೆಂದು ಹೆಸರು. ಚಂಗಾಳ್ವರ ಪಿರಿಯರಾಜ ಕೋಟೆ ಕಟ್ಟಿಸಿ ತನ್ನ ಹೆಸರಿಟ್ಟ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದ ನಡುವೆ, ಮೈಸೂರಿನ ಸೈನ್ಯ ಬಂದು ಅದನ್ನು ಗೆದ್ದಿತು. ಚಂಗಾಳ್ವರ ಕಥೆ ಅಲ್ಲಿಗೆ ಮುಗಿಯಿತು. ಕೋಟೆಯಲ್ಲಿ ಈಗ ಉಳಿದಿರುವುದು ಕಡಿಮೆ. ಕಂದಕ ಎಲ್ಲಿತ್ತೆಂದು ಊಹಿಸಿಕೊಳ್ಳಬೇಕು.

ಬೈಲಕುಪ್ಪೆ ನನಗೆ ಹೊಸದಲ್ಲ. ಬಂದ ನೆಂಟರಿಗೆಲ್ಲ ತೋರಿಸಿ ತೋರಿಸಿ ಬೇಸತ್ತ ಜಾಗ. 1960-61ರ ಸುಮಾರಿಗೆ ಸರಕಾರ ಇಲ್ಲಿಯ ಕಾಡುಭೂಮಿಯನ್ನು ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಕೊಟ್ಟಿತು. ಮರ ಕಡಿದು, ಆನೆಗಳೊಡನೆ ಹೆಣಗಿ, ಜೋಳ ಬೆಳೆದು ಊರು ಮಾಡಿಕೊಂಡರು. 1963ರಲ್ಲಿ ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ವಿಹಾರ ಆರಂಭಿಸಿದರು. ಎಲ್ಲರೂ ‘ಗೋಲ್ಡನ್ ಟೆಂಪಲ್’ ಎನ್ನುವ ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳ ದೇಗುಲ ಆಮೇಲೆ, 1999ರಲ್ಲಿ ಆದದ್ದು. ನಾನು ಚಪ್ಪಲಿ ಕಾಯುತ್ತ ಹೊರಗೆ ನಿಂತೆ.

ಒಳಗೆ ಹೋಗಿ ಬಂದ ಅವ್ವ ಅಂಗಳದ ಕಟ್ಟೆಯ ಮೇಲೆ ಒಬ್ಬ ಟಿಬೆಟಿನ ಮುದುಕಿಯ ಪಕ್ಕ ಕುಳಿತಳು. ಆಕೆ ಜಪಮಣಿ ತಿರುಗಿಸುತ್ತಿದ್ದಳು. ನಮ್ಮ ಹಳ್ಳಿಯ ಹೆಂಗಸರಿಗೆ ಪರಿಚಯವೆಂಬುದು ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ.

‘ನಿಮ್ಮೂರು ಯಾವ್ದಮ್ಮ?’

‘ಇದೇ ಊರು’ ಎಂದಳು ಆಕೆ, ಸ್ಪಷ್ಟವಾದ ಕನ್ನಡದಲ್ಲಿ.

‘ಅಲ್ಲ, ತವರು?’

ಆಕೆ ಜಪಮಣಿಯ ಕೈಯನ್ನು ಉತ್ತರದ ಕಡೆ ಬೀಸಿದಳು. ಒಂಬತ್ತೋ ಹತ್ತೋ ವರ್ಷದವಳಿದ್ದಾಗ ಹಿಮದಲ್ಲಿ ನಡೆದು ಬಂದದ್ದಂತೆ. ಮತ್ತೆ ಹೋಗಿಲ್ಲ. ‘ನಿಮ್ಮದು?’ ಎಂದು ಕೇಳಿದಳು. ಅವ್ವ ದಕ್ಷಿಣದ ಕಡೆ ಕೈ ತೋರಿಸಿ, ‘ಇಲ್ಲೇ, ಒಂದು ದಿನದ ದಾರಿ. ನೀರಾಗದೆ’ ಎಂದಳು. ಆಮೇಲೆ ಅವರಿಬ್ಬರೂ ಮಂಡಿನೋವಿನ ಬಗ್ಗೆ ತುಂಬ ಹೊತ್ತು ಮಾತಾಡಿದರು. ಹೊರಡುವಾಗ ಆಕೆ ಅವ್ವನ ಕೈ ಹಿಡಿದು, ‘ಹೋಗಿ ನೋಡಿ ಬನ್ನಿ. ನೋಡಬಹುದು ಅಂದ್ರೆ ನೋಡಬೇಕು’ ಎಂದಳು.

ಆ ರಾತ್ರಿ ಕಾವೇರಿಯಾಚೆ ಕುಶಾಲನಗರದ ಲಾಡ್ಜಿನಲ್ಲಿ ಅವ್ವ ನಿದ್ದೆ ಮಾಡಲಿಲ್ಲ. ಸುತ್ತಿಕೊಂಡು ಹೋಗೋಣ ಎಂದದ್ದು ಹರಕೆಗಲ್ಲ ಎಂಬುದು ಆಗ ನನಗೆ ಹೊಳೆಯಿತು. ಅವಳು ದಾರಿಯನ್ನು ಉದ್ದ ಮಾಡುತ್ತಿದ್ದಳು.

ಮೂರನೆಯ ದಿನ ಹುಣಸೂರಿಗೆ ಹಿಂದಿರುಗಿ ಕೋಟೆಯ ರಸ್ತೆ ಹಿಡಿದೆವು. ಅವ್ವನಿಗೆ ಆಗ ಮಾತು ಬಂತು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾಡಾನೆಗಳನ್ನು ಸುತ್ತುವರಿದು, ತಮಟೆ ಬಡಿದು, ನದಿಗಿಳಿಸಿ, ಖೆಡ್ಡಾದೊಳಗೆ ಕೂಡುವ ಆ ಬೇಟೆಯನ್ನು ನೋಡಲು ಊರಿಗೆ ಊರೇ ಹೋಗಿತ್ತಂತೆ. ಅವ್ವ ತುಂಬು ಬಸುರಿ. ‘ಎಲ್ರೂ ಹೋಗಿದ್ರು. ನಾನೊಬ್ಳೇ ಜಗುಲಿ ಮ್ಯಾಲೆ. ನಿನ್ನ ದೆಸೆಯಿಂದ ತಪ್ಪೋಯ್ತು ಕಣ್ಲಾ’ ಎಂದಳು. ಆನೆಗಳಿಗೆ ಕೊನೆಯ ಖೆಡ್ಡಾ ಒಳ್ಳೆಯದೇ ಆಯಿತು. ಆದರೆ ಐವತ್ತು ವರ್ಷ ಮೀರಿದರೂ ಅವ್ವನ ಲೆಕ್ಕದಲ್ಲಿ ಆ ಬಾಕಿ ನನ್ನ ಹೆಸರಿನಲ್ಲೇ ಇತ್ತು.

ಭೀಮನಕೊಲ್ಲಿಯ ಮಹದೇಶ್ವರನ ಗುಡಿ ಹಿನ್ನೀರಿನ ದಂಡೆಯಲ್ಲೇ ಇದೆ. ಕೈ ಮುಗಿದು ಕೆಳಗಿಳಿದೆವು. ನೀರು ಬಹಳ ದೂರ ಸರಿದು, ಬಿರುಕು ಬಿಟ್ಟ ಮಣ್ಣಿನ ಬಯಲು ಹಾಸಿಕೊಂಡಿತ್ತು. ಅಲ್ಲಲ್ಲಿ ಚಿಗುರಿದ ಹುಲ್ಲು. ನೀರಿನೊಳಗೆ ಐವತ್ತು ವರ್ಷದ ಹಿಂದೆ ಸತ್ತ ಮರಗಳು ಕೊಂಬೆ ಚಾಚಿಕೊಂಡು ಇನ್ನೂ ನಿಂತೇ ಇದ್ದವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಮನೆಯಿಲ್ಲ, ಬಾವಿಯಿಲ್ಲ. ನಾನು ಏನನ್ನು ನಿರೀಕ್ಷಿಸಿದ್ದೆನೋ ತಿಳಿಯದು. ನನ್ನ ಹುಟ್ಟೂರು ನನಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಲ್ಲ.

ಅವ್ವ ಸೆರಗು ತಲೆಗೆಳೆದುಕೊಂಡು, ಹುಬ್ಬಿನ ಮೇಲೆ ಕೈಯಿಟ್ಟು, ಆಚೆ ದಂಡೆಯ ಗುಡ್ಡಗಳನ್ನು ಒಂದೊಂದಾಗಿ ನೋಡಿದಳು. ‘ಆ ಎರಡು ಗುಡ್ಡದ ಸಂದಿಗೆ ಸರಿಯಾಗಿ ನಮ್ಮ ಕಣ. ಅದ್ರಿಂದ ಈಚೆಗೆ ಬಾವಿ. ಬಾವಿಯಿಂದ ನಾಕನೇ ಮನೆ’ ಎಂದು ನೀರಿನ ಮೇಲೆ ಬೆರಳಿನಿಂದ ಊರು ಬರೆದಳು. ಮಗಳು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆಯತೊಡಗಿದಳು. ‘ಮಾರಿಗುಡಿ ಎಡಕ್ಕಾ ಬಲಕ್ಕಾ ಅಜ್ಜಿ?’ ‘ಹುಣಸೆಮರ ಎಲ್ಲಿ?’ ಎಂದು ಕೇಳಿ ಕೇಳಿ ಗುರುತು ಹಾಕಿಕೊಂಡಳು. ಯಾವ ಮನೆಯಲ್ಲಿ ಯಾರು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು, ಪರಿಹಾರದ ಜಮೀನಿಗೆಂದು ಯಾರು ಯಾವ ಕಡೆ ಚದುರಿದರು – ಅವ್ವ ಒಂದು ಮನೆಯನ್ನೂ ಬಿಡಲಿಲ್ಲ. ಇಷ್ಟು ವರ್ಷ ನಾನು ಒಂದು ಸಲವೂ ಇದನ್ನು ಕೇಳಿರಲಿಲ್ಲ.

‘ಅಪ್ಪಾ, ಕಿತ್ತೂರು ಅಂದ್ರೆ ಕೀರ್ತಿಪುರ, ಗೊತ್ತಾ?’ ಎಂದಳು ಮಗಳು. ಗೊತ್ತಿರಲಿಲ್ಲ. ಪುನ್ನಾಟ ರಾಜ್ಯದ ರಾಜಧಾನಿ. ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲಿದ್ದ ಟಾಲೆಮಿ, ವೈಡೂರ್ಯ ಸಿಗುವ ಪುನ್ನಾಟದ ಹೆಸರು ಬರೆದಿಟ್ಟಿದ್ದಾನೆ. ಗಂಗರ ಅವಿನೀತ ಪುನ್ನಾಟದ ದೊರೆಮಗಳನ್ನು ಮದುವೆಯಾದ. ಅವರ ಮಗ ದುರ್ವಿನೀತ. ‘ಕವಿರಾಜಮಾರ್ಗ’ದಲ್ಲಿ ಕನ್ನಡದ ಹಳೆಯ ಗದ್ಯಕಾರರ ಸಾಲಿನಲ್ಲಿ ಅವನ ಹೆಸರಿದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮಗಳು ಸ್ವಲ್ಪ ನಿಂತಳು.

‘ಅಂದ್ರೆ ದುರ್ವಿನೀತನ ಅಮ್ಮನ ತವರೂ ಇಲ್ಲೇ ಇದೆ. ಅಜ್ಜಿ ತವರಿನ ಪಕ್ಕದಲ್ಲಿ.’

ಅವ್ವನಿಗೆ ಗಂಗರು ಯಾರೆಂದು ತಿಳಿಯದು. ಆದರೆ ‘ತವರು’ ಎಂಬ ಮಾತು ತಿಳಿಯಿತು. ‘ಆ ಯಮ್ಮಂದೂ ಹೋಯ್ತಾ?’ ಎಂದು ಕೇಳಿದಳು, ನಿನ್ನೆ ಮೊನ್ನೆ ನಡೆದದ್ದರಂತೆ. ನೀರಿನಂಚಿಗೆ ಹೋಗಿ ಕಾಲು ತೊಳೆದು, ಕುಂಕುಮದ ಪೊಟ್ಟಣ ಬಿಚ್ಚಿ ಒಂದು ಚಿಟಿಕೆಯನ್ನು ನೀರಿಗೆ ಬಿಟ್ಟಳು. ಸ್ವಲ್ಪ ತಡೆದು ಇನ್ನೊಂದು ಚಿಟಿಕೆ ಬಿಟ್ಟಳು. ಅದು ಯಾರಿಗೆಂದು ನಾನು ಕೇಳಲಿಲ್ಲ.

‘ಏಳಿ, ಹೊತ್ತಾಯ್ತು. ಆನೆ ಬರೋ ಹೊತ್ತು’ ಎಂದವಳೂ ಅವಳೇ.

ಹ್ಯಾಂಡ್‌ಪೋಸ್ಟಿನಲ್ಲಿ ಟೀಗೆ ನಿಲ್ಲಿಸಿದೆ. ಮಗಳು ನಕ್ಷೆಯನ್ನು ಮಡಿಲಲ್ಲಿಟ್ಟುಕೊಂಡು ಮನೆಗಳಿಗೆ ಹೆಸರು ತುಂಬುತ್ತಿದ್ದಳು. ಮಹಾರಾಣಿ ಕಾಲೇಜಿನಲ್ಲಿ ಅರ್ಜಿಗೆ ಕಡೆಯ ತಾರೀಕು ಯಾವಾಗ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು. ಮೈಸೂರಿನ ಕಡೆ ಕಾರು ತಿರುಗಿಸುವಾಗ ಅವ್ವ, ‘ನೆಟ್ಟಗೇ ಹೋಗ್ಲಾ, ಎಲ್ಲೂ ಸುತ್ತಬ್ಯಾಡ’ ಎಂದಳು. ಒಂದಷ್ಟು ದೂರ ಹೋದ ಮೇಲೆ ಮತ್ತೆ, ‘ಆ ಚುಂಚನಕಟ್ಟೆಗೆ ಮಾತ್ರ ಮಳೆಗಾಲ್ದಲ್ಲಿ ಇನ್ನೊಂದ್ಸಲ ಕರ್ಕೊಂಡೋಗು, ನೀರಿರುವಾಗ’ ಎಂದು ಸೀಟಿಗೊರಗಿ ಕಣ್ಣು ಮುಚ್ಚಿದಳು.